ಅರ್ಧ ತೊಳೆದ ಕೃಷ್ಣ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಒಂದು ಊರು. ನಾಟಕ ಮುಗಿದ ಬೆಳಿಗ್ಗೆ, ಬಿಸಿಲು ಶಾಲೆಯ ಕಾಂಪೌಂಡು ದಾಟಿದ ಹೊತ್ತು. ಶಾಲೆಯ ಹಿಂದಿನ ನೀರಿನ ತೊಟ್ಟಿಯ ಪಕ್ಕದಲ್ಲಿ ನಾನು ನಿಂತಿದ್ದೆ. ನನಗೂ ಚಿಕ್ಕಪ್ಪನಿಗೂ ನಡುವೆ ಒಂದು ಬಕೆಟ್ ಇಡುವಷ್ಟು ಜಾಗವಿತ್ತು. ಅಷ್ಟು ಹತ್ತಿರದಿಂದ ಕಂಡದ್ದರಿಂದ ಬರೆಯುತ್ತಿದ್ದೇನೆ.

ನಾವಿಬ್ಬರೂ ಪಾವಗಡದ ಕಡೆಯ, ಊರಾಚೆಯ ಒಂದು ಕಾಲೋನಿಯವರು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಮೈಬಣ್ಣ ಕಡುಗಪ್ಪು. ಹಾರ್ಮೋನಿಯಂ ಮೇಷ್ಟ್ರು ಕರೆದ ಊರಿಗೆಲ್ಲ ಹೋಗಿ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆವು. ನನ್ನದು ಯಾವಾಗಲೂ ಹಾಸ್ಯ. ಮೇಕಪ್ಪಿನವನು ನನ್ನ ಸರದಿ ಬಂದಾಗ, "ನಿಂಗ್ಯಾಕ್ಲಾ ಬಣ್ಣ, ದೇವ್ರೇ ಬಳ್ದು ಕಳ್ಸವ್ನೆ" ಅನ್ನುತ್ತಿದ್ದ. ಮಧುಗಿರಿಯಲ್ಲಿ ನನ್ನನ್ನು ತೆಲುಗಿನವನು ಅಂದರು, ಶಿರಾದಲ್ಲಿ ಕರಿಯ ಅಂದರು. ಅಂದದ್ದನ್ನೇ ರಂಗದ ಮೇಲೆ ತಿರುಗಿಸಿ ಹೇಳಿ ನಗಿಸುತ್ತಿದ್ದೆ. ಜನ ನಗುತ್ತಿರುವಷ್ಟು ಹೊತ್ತು ನಾನು ಅವರವನೇ ಆಗಿರುತ್ತಿದ್ದೆ.

ಚಿಕ್ಕಪ್ಪ ನಗಿಸಲು ಬಂದವನಲ್ಲ. ಕಂಠ ಚೆನ್ನಾಗಿತ್ತು. ವರ್ಷಗಟ್ಟಲೆ ದೂತ, ದ್ವಾರಪಾಲಕ ಮಾಡಿ, ಹಿಂದಿನ ರಾತ್ರಿ ಆ ಊರಿನಲ್ಲಿ ಮೊದಲ ಸಲ ಕೃಷ್ಣನಾಗಿದ್ದ. ಮುಖ, ಕತ್ತು, ಕೈಗಳಿಗೆಲ್ಲ ನೀಲಿ. ಹೆಂಗಸರು ಕಾಲಿಗೆ ಬಿದ್ದರು. ಅಲ್ಲೊಂದು ರೂಢಿಯಿದೆ: ಬಣ್ಣ ತೊಳೆಯುವ ಮುಂಚೆ ಕೃಷ್ಣನಿಗೆ ದೊಡ್ಡಮನೆಯಿಂದ ಹಾಲು ಬರುತ್ತದೆ. ಅದನ್ನು ಕುಡಿದವನೇ ಮುಂದಿನ ವರ್ಷವೂ ಕೃಷ್ಣ. ಚಿಕ್ಕಪ್ಪನಿಗೆ ಅದು ಬೇಕಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಬೆಳಗಿನಿಂದ ಅವನು ಟೀ ಕೂಡ ಮುಟ್ಟಿರಲಿಲ್ಲ.

ಹಾಲು ತಡವಾಯಿತು. ಬಣ್ಣ ಬಿಗಿದು ಚರ್ಮ ಉರಿಯತೊಡಗಿತು. ಇನ್ನು ಯಾರೂ ಬರಲಾರರೆಂದು ಚಿಕ್ಕಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿಕೊಳ್ಳಲು ಶುರುಮಾಡಿದ. ಒಂದು ಕೆನ್ನೆ, ಅರ್ಧ ಹಣೆ ಅವನ ಸ್ವಂತ ಬಣ್ಣಕ್ಕೆ ಬಂದಿದ್ದವು. ಆಗ ದೊಡ್ಡಮನೆಯ ಅಜ್ಜಿ ತಾವೇ ಹಿತ್ತಾಳೆ ಚೊಂಬು ಹಿಡಿದು ಬಂದರು.

"ಅಯ್ಯೋ, ತೊಳ್ಕೊಂಡ್ಬುಟ್ಯೇನಪ್ಪಾ?" ಅಂದವರು ಅವನ ಮುಖ ನೋಡಿ ನಿಂತರು. "ಯಾವೂರು? ಯಾರ ಪೈಕಿ?"

ಗೋಡೆಗೊರಗಿದ್ದ ಮೇಷ್ಟ್ರು ನನ್ನ ತೋಳು ತಿವಿದರು. "ಏನಾರಾ ಅನ್ಲಾ ಲೇ. ನಗ್ಸು."

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. 'ಹೊಟ್ಟೆ ಹಸ್ದೋರ ಪೈಕಿ ಕಣಮ್ಮ' ಅಂದರೆ ಎಲ್ಲ ಊರಲ್ಲೂ ನಗುತ್ತಿದ್ದರು. ಬಾಯಿ ತೆರೆದೆ.

"ಒರೇಯ್, ನುವ್ವು ಊರ್ಕೋ," ಸುಮ್ಮನಿರು ಎಂದ ಚಿಕ್ಕಪ್ಪ. ಅಜ್ಜಿಗೆ, "ಪಾವಗಡದ ಕಡೆಯೋನು ಕಣಮ್ಮ. ಕಾಲೋನಿಯೋನು" ಅಂದ.

ಅಜ್ಜಿ ಬೈಯಲಿಲ್ಲ. ಮಗುವಿಗೆ ಹೇಳುವ ದನಿಯಲ್ಲಿ, "ವಸಿ ತಿರುಗ್ಕಳಪ್ಪಾ. ನೀಲಿ ಇರೋ ಮಗ್ಗುಲು ನನ್ ಕಡೀಕ್ ಮಾಡು. ಕುಡಿಯೋಗಂಟ ಅಂಗೇ ಇರು" ಎಂದು ಚೊಂಬು ಮುಂದೆ ಮಾಡಿದರು.

ಚಿಕ್ಕಪ್ಪ ತಿರುಗಿದ. ನೀಲಿ ಕೆನ್ನೆ ಅಜ್ಜಿಯ ಕಡೆಗಾಯಿತು, ಕಪ್ಪು ಕೆನ್ನೆ ನನ್ನ ಕಡೆಗೆ. ಆ ಕಡೆಯ ಕಣ್ಣು ನನ್ನನ್ನೇ ನೋಡುತ್ತಿತ್ತು. ಅವನ ಕೈ ಚೊಂಬಿನತ್ತ ಎದ್ದಿತೆಂದು ನನ್ನ ನೆನಪು, ಅದೊಂದು ಖಚಿತವಲ್ಲ. ಆಮೇಲಿನದು ಖಚಿತ. ಅವನು ಎಣ್ಣೆಬಟ್ಟೆ ತೆಗೆದುಕೊಂಡು ಉಳಿದ ನೀಲಿಯನ್ನೂ ಒರೆಸಿದ. ಅವಸರ ಮಾಡಲಿಲ್ಲ. ಕಿವಿಯ ಹಿಂದಿನದನ್ನೂ ಬಿಡಲಿಲ್ಲ. ಪೂರ್ತಿ ಮುಖ ಅಜ್ಜಿಯ ಕಡೆ ಮಾಡಿ ಎರಡೂ ಕೈ ಚಾಚಿದ.

"ಈಗ ಕೊಡ್ರಮ್ಮ."

ಅಜ್ಜಿ ಹಿಂದಕ್ಕೆಳೆದುಕೊಂಡ ರಭಸಕ್ಕೆ ಹಾಲು ತುಳುಕಿತು. ಚೊಂಬನ್ನು ಸೆರಗಿನಡಿ ಮರೆಮಾಡಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು. ಚಿಕ್ಕಪ್ಪನ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು.

ಆ ಊರಿನಿಂದ ಮತ್ತೆ ಕರೆ ಬರಲಿಲ್ಲ. ಅವನು ಬಣ್ಣ ಹಚ್ಚುವುದನ್ನೂ ಬಿಟ್ಟ. ನಾನು ಈಗ ಒಬ್ಬನೇ ಮೈಕ್ ಹಿಡಿದು ನಗಿಸುತ್ತೇನೆ, ಅದರ ವಿಡಿಯೋಗಳು ಮೊಬೈಲಿನಲ್ಲಿ ಓಡಾಡುತ್ತವೆ. ಸಭೆ ಜೋರಾಗಿ ನಕ್ಕಾಗೆಲ್ಲ ಆ ಒಂದು ಕಣ್ಣು ಎದುರಿಗೆ ಬರುತ್ತದೆ. ಮುಂದಿನ ಮಾತು ಮರೆಯುತ್ತೇನೆ. ಜನ ಅದನ್ನೂ ಹಾಸ್ಯವೆಂದುಕೊಳ್ಳುತ್ತಾರೆ.

ಮೇಷ್ಟ್ರು ತೀರಿಕೊಂಡರು. ಚಿಕ್ಕಪ್ಪ ಪಾವಗಡದಲ್ಲಿದ್ದಾನೆ, ಕೇಳಿದರೆ ಇದನ್ನೇ ಹೇಳುತ್ತಾನೆ, ಇನ್ನೂ ಕಡಿಮೆ ಮಾತಿನಲ್ಲಿ. ಅಜ್ಜಿಯೂ ಇದ್ದಾರಂತೆ. ಅವರು ಕಂಡದ್ದೇನೆಂದು ಅವರೇ ಹೇಳಬೇಕು.