ಕೆಂಪು ಬೋರ್ಡು ಮತ್ತು ಈರಮ್ಮನ ಕುರಿಗಳು

೧೯೭೯ರಲ್ಲಿ ನಾನು ಅರಣ್ಯ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಕಾಡನ್ನು ಕಾಗದದ ಮೇಲೆ ನೋಡಿ, ಕಾಗದದ ಮೇಲೆಯೇ ಕಾಪಾಡುವ ಹುದ್ದೆ ಅದು. ಚಿಕ್ಕನಾಯಕನಹಳ್ಳಿ ಸುತ್ತಿನ ಕುರುಚಲು ಗುಡ್ಡಗಳ ರಕ್ಷಿತ ಅರಣ್ಯದಲ್ಲಿ ಬೋರ್ಡುಗಳಿಗೇನೂ ಬರವಿರಲಿಲ್ಲ. ಒಂದರಂತೆ ಇನ್ನೊಂದು ಇರಲಿಲ್ಲ, ಅಷ್ಟೆ. ಎಲ್ಲಕ್ಕೂ ಒಂದೇ ಪದ್ಧತಿ ತರುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು.

ಓದು ಬಾರದವರಿಗೂ ತಿಳಿಯಲೆಂದು ನಾನು ಬಣ್ಣವನ್ನು ನಂಬಿದೆ. ಕೆಂಪು ಎಂದರೆ ಹೊಸದಾಗಿ ಸಸಿ ನೆಟ್ಟ ಜಾಗ, ಪ್ರವೇಶವಿಲ್ಲ. ಹಳದಿ ಎಂದರೆ ಒಣಸೌದೆ ಆಯಬಹುದು, ದನಕುರಿ ಮೇಯಿಸುವಂತಿಲ್ಲ. ಹಸಿರು ಎಂದರೆ ಪರವಾನಗಿ ಇದ್ದರೆ ಮೇಯಿಸಬಹುದು. ಮೂರಡಿ ಉದ್ದ, ಎರಡಡಿ ಅಗಲದ ತಗಡು. ಮೇಲೆ ಎಂಟು ಅಂಗುಲ ಬಣ್ಣದ ಪಟ್ಟಿ, ಕೆಳಗೆ ನಿಯಮಗಳ ಕೋಷ್ಟಕ. ಕೋಷ್ಟಕದ ಗೆರೆ ಎಷ್ಟು ದಪ್ಪವಿರಬೇಕೆಂಬ ಬಗ್ಗೆಯೇ ಒಂದೂವರೆ ಪುಟ ಬರೆದಿದ್ದೆ. ಮೇಲಧಿಕಾರಿಗಳು ಮೆಚ್ಚುಗೆ ಪತ್ರ ಕೊಟ್ಟರು.

ಬೋರ್ಡು ಬರೆದವನು ತಿಪಟೂರಿನ ಪೇಂಟರ್ ರುದ್ರಣ್ಣ. ಕೊಬ್ಬರಿ ಮಂಡಿಗಳ ಹೆಸರು, ಲಾರಿಗಳ ಬೆನ್ನು ಬರೆದು ಕೈ ಪಳಗಿದವನು. ಬಣ್ಣ ತರಚದಂತೆ ನಡುನಡುವೆ ತೆಂಗಿನ ನಾರು ಒತ್ತಿ, ಇಪ್ಪತ್ತನಾಲ್ಕು ಬೋರ್ಡುಗಳನ್ನು ಲಾರಿಗೆ ಏರಿಸಿದ. ಮುಂಗಾರಿಗೆ ಮೊದಲೇ ಎಲ್ಲವೂ ಗುಡ್ಡದ ಸುತ್ತ ನಿಂತವು.

ತಿಂಗಳೊಳಗೆ ರೇಂಜ್ ಆಫೀಸಿನಿಂದ ಕರೆ ಬಂತು: ಕೆಂಪು ಬೋರ್ಡಿನ ಒಳಗೇ ಕುರಿ ನುಗ್ಗಿವೆ, ಹೊಂಗೆ ಸಸಿ ತುಳಿದು ಹಾಕಿವೆ.

ನಾನು ಹೋದಾಗ ಮೂವತ್ತೆಂಟು ಕುರಿಗಳು ದೊಡ್ಡಿಯಲ್ಲಿದ್ದವು. ಅವುಗಳ ಒಡತಿ ಈರಮ್ಮ, ಗುಡ್ಡದ ಬುಡದ ಹಟ್ಟಿಯವಳು, ಅರವತ್ತು ದಾಟಿದ ಹೆಂಗಸು, ಆಫೀಸಿನ ಜಗುಲಿಯ ಮೇಲೆ ಕೂತಿದ್ದಳು. ರೇಂಜರ್ ಸಾಹೇಬರು ರಿಜಿಸ್ಟರ್ ಬಿಚ್ಚಿಕೊಂಡಿದ್ದರು.

“ಬೋರ್ಡು ಎಲ್ಲರಿಗೂ ಅರ್ಥವಾಗೋ ಹಾಗಿತ್ತು ಅಂತ ಎರಡು ಸಾಲು ಬರ್ಕೊಡಿ. ಕೇಸು ಗಟ್ಟಿಯಾಗುತ್ತೆ” ಎಂದರು.

ನಾನು ಪೆನ್ನಿನ ಮುಚ್ಚಳ ತೆಗೆದೆ. ಆಗ ಈರಮ್ಮ ಬಾಯಿ ಬಿಟ್ಟಳು.

“ನಾನೇನು ಕದ್ದು ನುಗ್ಸಿದ್ನಾ? ಬೋರ್ಡು ನೋಡ್ಕಂಡೇ ಬುಟ್ಟಿದ್ದು ಕಣಪ್ಪ.”

“ಕೆಂಪು ಕಾಣಲಿಲ್ವೇನಮ್ಮಾ?”

“ಕಂಡಿದ್ಕೇ ಬುಟ್ಟೆ. ನಮ್ಮ ಕುರಿ ಮೈ ನೋಡು, ಹೋಗು.”

ನೋಡಿದೆ. ಪ್ರತಿ ಕುರಿಯ ಬೆನ್ನಿನ ಮೇಲೂ ಗೇಣಗಲ ಕೆಮ್ಮಣ್ಣಿನ ಗುರುತು.

ಆ ಹಟ್ಟಿಯಲ್ಲಿ ಕುರಿ ಸಾಕುವ ಮನೆಗಳು ಮೂರು. ಕುರಿ ಬೆರೆಯದಿರಲೆಂದು ಒಂದು ಮನೆಯವರು ಕೆಮ್ಮಣ್ಣು, ಇನ್ನೊಂದು ಮನೆಯವರು ಅರಿಶಿನ, ಮತ್ತೊಂದು ಮನೆಯವರು ಬಾಗಿಲಿಗೆ ಬಳಿದು ಉಳಿದ ಹಸಿರು ಪೇಂಟು ಹಚ್ಚುತ್ತಿದ್ದರು. ಪ್ರತಿ ವರ್ಷ ಹಿರಿಯರು ಗುಡ್ಡದ ಮಗ್ಗುಲುಗಳನ್ನು ಹಂಚಿ, ಯಾರ ಪಾಲೋ ಆ ಮನೆಯ ಬಣ್ಣವನ್ನು ಬಂಡೆಗೆ ಬಳಿಯುವುದು ರೂಢಿ.

“ಹೋದ್ ವರ್ಷ ಬಂಡೆ ಬಣ್ಣ ಮಳೇಲಿ ತೊಳ್ದೋಗಿ ತಲೆ ಒಡೆಯೋ ಜಗಳ ಆಗಿತ್ತು. ಈ ಸಲ ಸರ್ಕಾರದೋರೇ ಬಂದು ತಗಡು ಹೊಡ್ದು ಪಾಲು ಮಾಡವ್ರೆ, ಪುಣ್ಯಾತ್ಮರು ಅಂತ ಹರಸಿದ್ವಲ್ಲಪ್ಪ ನಿಮ್ನ!”

ಗಾರ್ಡ್ ಹೋಗಿ ನೋಡಿ ಬಂದ. ಅರಿಶಿನದ ಕುರಿಗಳು ಹಳದಿ ಬೋರ್ಡಿನ ಒಳಗೆ ನೆಮ್ಮದಿಯಾಗಿ ಮೇಯುತ್ತಿದ್ದವು. ಇಡೀ ಗುಡ್ಡದಲ್ಲಿ ನನ್ನ ನಿಯಮ ಪಾಲಿಸಿದವರೆಂದರೆ ಹಸಿರು ಗುರುತಿನ ಮನೆಯವರು ಮಾತ್ರ. ಅವರೂ ತಮ್ಮ ಪಾಲು ಸಣ್ಣದಾಯಿತೆಂದು ಮುನಿಸಿಕೊಂಡಿದ್ದರಂತೆ.

“ಬಯ್ಯೋದಾದ್ರೆ ಆಮೇಕೆ ಬಯ್ಯಿ. ಹಟ್ಟೀಲಿ ಹನ್ನೊಂದು ಮರಿ ಬೆಳಿಗ್ಗೆಯಿಂದ ಹಾಲಿಲ್ದೆ ಅರಚ್ಕತಾವೆ” ಎಂದಳು ಈರಮ್ಮ.

ಎರಡು ಸಾಲು ಬರೆದೆ: ‘ಬಣ್ಣಗಳು ಸ್ಥಳೀಯ ರೂಢಿಗೆ ವಿರುದ್ಧವಾಗಿವೆ. ಸ್ಥಳದಲ್ಲಿ ವಿಚಾರಿಸದೆ ಅವನ್ನು ಆರಿಸಿದ ತಪ್ಪು ನನ್ನದು.’

ರೇಂಜರ್ ಎರಡು ಸಲ ಓದಿದರು. “ಇದು ನಿಮ್ಮ ಫೈಲಿಗೆ ಹೋಗುತ್ತೆ ಕಣ್ರೀ.”

“ಹೋಗಲಿ ಸಾರ್.”

ಅವರು ನನ್ನನ್ನೊಮ್ಮೆ, ದೊಡ್ಡಿಯನ್ನೊಮ್ಮೆ ನೋಡಿ ರಿಜಿಸ್ಟರ್ ಮುಚ್ಚಿದರು. ದೊಡ್ಡಿಯ ಬಾಗಿಲು ತೆಗೆದದ್ದೇ ಕುರಿಗಳು ಹಟ್ಟಿಯ ಕಡೆಗೆ ಓಡಿದ ರಭಸಕ್ಕೆ ಈರಮ್ಮ ಹಿಂದುಳಿದಳು.

ಮಂಜೂರಾದ ಬಣ್ಣಗಳನ್ನು ಬದಲಾಯಿಸುವುದು ಗುಡ್ಡವನ್ನೇ ಬೇರೆ ತಾಲ್ಲೂಕಿಗೆ ಸಾಗಿಸಿದಷ್ಟು ಕಷ್ಟ. ಆದ್ದರಿಂದ ಕೆಂಪು ಬೋರ್ಡಿನ ಮೇಲೆ ಒಂದು ಕುರಿ ಬರೆದು, ಅಡ್ಡಗೆರೆ ಎಳೆಯುವುದೆಂದು ತೀರ್ಮಾನಿಸಿದೆ. ಈ ಸಲ ಮಾದರಿಯನ್ನೂ ರುದ್ರಣ್ಣನನ್ನೂ ಮೊದಲು ಹಟ್ಟಿಗೆ ಕರೆದೊಯ್ದೆ.

ಈರಮ್ಮ ತುಂಬ ಹೊತ್ತು ನೋಡಿದಳು. “ಯಾರ ಮನೆ ಕುರಿ ಇದು?”

“ಯಾರದೂ ಅಲ್ಲಮ್ಮ, ಬರೀ ಕುರಿ.”

“ಗುರುತಿಲ್ದ ಕುರಿ ಎಲ್ಲಿರ್ತದೆ? ಸರ್ಕಾರದ್ದೇ ಇರ್ಬೇಕು. ಹಂಗಾರೆ ಅದು ಹೋಗಂಗಿಲ್ಲ, ನಮ್ದು ಹೋಗ್ಬೋದು.”

ರುದ್ರಣ್ಣ ಕುಂಚ ಕೆಳಗಿಟ್ಟು ನಕ್ಕ. “ಸ್ವಾಮಿ, ಈ ಯಮ್ಮನ್ನೇ ಆಫೀಸಿಗೆ ಸೇರಿಸ್ಕಳಿ.”

ಕೊನೆಗೆ ಕೆಂಪು, ಹಳದಿ ಬೋರ್ಡುಗಳ ಮೇಲೆ ಮೂರು ಮನೆಗಳ ಗುರುತಿನ ಮೂರು ಕುರಿ ನಿಂತವು, ಮೂರಕ್ಕೂ ಅಡ್ಡಗೆರೆ. ಹಸಿರು ಬೋರ್ಡಿನಲ್ಲಿ ಅದೇ ಮೂರು, ಗೆರೆಯಿಲ್ಲದೆ. ಮತ್ತೆ ನೆಟ್ಟ ಹೊಂಗೆ ಮರು ವರ್ಷ ಮೊಣಕಾಲೆತ್ತರ ಬಂತು.

ಬೋರ್ಡು ಬರೆಯುವವನಿಗಿಂತ ಮೊದಲೇ ಅಲ್ಲಿ ಯಾರೋ ಏನೋ ಬರೆದಿರುತ್ತಾರೆ. ಅದನ್ನು ಓದಿಕೊಂಡು ತಗಡಿಗೆ ಕೈಹಾಕಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟು. ನಿವೃತ್ತಿಯ ದಿನ ನನ್ನ ಫೈಲು ನೋಡಿದೆ. ಮೆಚ್ಚುಗೆ ಪತ್ರವೂ ತಪ್ಪೊಪ್ಪಿಗೆಯೂ ಒಂದರ ಬೆನ್ನಿಗೊಂದು, ಕೆಂಪು ದಾರದಲ್ಲಿ ಕಟ್ಟಿಸಿಕೊಂಡು ಕೂತಿದ್ದವು. ಈರಮ್ಮ ನೋಡಿದ್ದರೆ ಎರಡನ್ನೂ ತನ್ನ ಮನೆಯವೆಂದು ಹಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದಳು.