ಶಾಂಭವಿಯವರ ಒಮ್ಮುಖ ಬಾಗಿಲು

ಕೋಟೆ ಬೀದಿಯಲ್ಲಿ ಹೂವಿನವರು ಇನ್ನೂ ಬುಟ್ಟಿ ಇಳಿಸುತ್ತಿದ್ದಾರೆ. ಮಹಡಿಯ ಮೇಲಿನ ಕಂಪ್ಯೂಟರ್ ಸೆಂಟರ್‌ನಲ್ಲಿ ಕರೆಂಟ್ ಇಲ್ಲ. ಶಾಂಭವಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುವವರಲ್ಲ. ನೆಲದ ಚೌಕಗಳ ಮೇಲೆ ಸೀಮೆಸುಣ್ಣದಿಂದ ಗೋಡೆ ಎಳೆದು, ಬೆಂಕಿಪೊಟ್ಟಣವನ್ನು ಪೆಟ್ಟಿಗೆಯೆಂದು ಇಟ್ಟು, ಒಂದು ಕಡೆ ಬಾಣದ ಗುರುತು ಹಾಕುತ್ತಾರೆ. ಆ ಬಾಣವೇ ಬಾಗಿಲು.

ಮೊಬೈಲ್‌ನಲ್ಲಿ ಪೆಟ್ಟಿಗೆ ತಳ್ಳುವ ಆಟ ಆಡುತ್ತ ಬಸ್ಸಿಳಿಯುವ ಸ್ಟಾಪ್ ತಪ್ಪಿಸಿಕೊಂಡವರು ಶಿವಮೊಗ್ಗದಲ್ಲಿ ಬೇಕಾದಷ್ಟಿದ್ದಾರೆ. ಆ ಚೌಕಗಳನ್ನು ಯಾರೋ ಕೂತು ಹೆಣೆಯುತ್ತಾರೆಂದು ಅವರಿಗೆ ಹೊಳೆದಿರಲಾರದು. ಹಾಗೆ ಹೆಣೆಯುವವರಲ್ಲಿ ಶಾಂಭವಿ ಒಬ್ಬರು; ಒಮ್ಮುಖ ಬಾಗಿಲು ಅವರ ಕೈಚಳಕ. ದಾಟಬಹುದು, ವಾಪಸ್ ಬರುವಂತಿಲ್ಲ. "ಬಾಗಿಲು ಕಂಡ್ರೆ ಆಡೋರು ಒಂದು ಗಳಿಗೆ ನಿಂತು ಯೋಚನೆ ಮಾಡ್ತಾರೆ. ನನಗೆ ಬೇಕಾಗಿರೋದು ಆ ಒಂದು ಗಳಿಗೆ" ಎನ್ನುತ್ತಾರೆ.

ಗಣಿತದ ಬಿ.ಎಸ್ಸಿ. ಮುಗಿಸಿ ಪಾಠ ಹೇಳಲು ಈ ಸೆಂಟರ್‌ಗೆ ಬಂದವರು. ವಿದ್ಯಾರ್ಥಿಗಳು ಬಂದರೆ ಕಂಪ್ಯೂಟರ್ ಸಿಗದು, ಹಾಗಾಗಿ ಬಾಗಿಲಿನ ಕೆಲಸ ಬೆಳಗಿನ ಜಾವಕ್ಕೆ. "ಆಟ ಆಡಿಸೋದೂ ಒಂದು ಕೆಲಸಾನೇನಮ್ಮ?" ಎಂದು ಅತ್ತೆ ಜಗದಾಂಬಾ ಕೇಳುವುದನ್ನು ಇನ್ನೂ ಬಿಟ್ಟಿಲ್ಲ.

ಇವತ್ತು ಆ ಬಾಗಿಲಿಗೇ ಕುತ್ತು ಬಂದಿದೆ. ಬಾಗಿಲು ದಾಟಿದರೆ ಮುಂದೆ ದಾರಿಯೇ ಇಲ್ಲವೆಂದು ಇನ್ನೊಂದು ದೂರು ಬಂದರೆ, ಬಾಗಿಲನ್ನೇ ಆಟದಿಂದ ತೆಗೆಯುವುದಾಗಿ ಆಟ ಕೊಳ್ಳುವ ಕಂಪನಿ ಖಡಾಖಂಡಿತವಾಗಿ ಹೇಳಿದೆ. ಹೊಸ ಆಟ ಇವತ್ತೇ ಹೋಗಬೇಕು.

ಭದ್ರಾವತಿ ಓಲ್ಡ್ ಟೌನಿನಿಂದ ಮೊದಲ ಬಸ್ಸಿಗೆ ಬಂದ ಗೆಳತಿ ವಾಣಿ ನೆಲದಲ್ಲೇ ಕೂತು ಆಟ ಪರೀಕ್ಷಿಸುತ್ತಾರೆ. ಅವರ ಬೆರಳು ಸೀಮೆಸುಣ್ಣದ ಗೋಡೆಗಳ ನಡುವಿನ ಓಣಿಯನ್ನು ಪೂರ್ತಿ ಸುತ್ತಿ ಬಂದು ಬಾಗಿಲು ದಾಟುತ್ತದೆ. ಎದುರಿಗೆ ಮೂಲೆಗೆ ಸಿಕ್ಕ ಪೆಟ್ಟಿಗೆ, ಹಿಂದೆ ತೆರೆಯದ ಬಾಗಿಲು.

"ಸತ್ತೆ ಮಾರಾಯ್ತಿ! ನೀನು ಆಡಿ ನೋಡ್ಲಿಲ್ವಾ?"

"ಎಷ್ಟು ಸಲ ಆಡಿದ್ದೀನಿ ಕಣೇ!"

"ಹೆಂಗೆ ಆಡ್ದೆ, ತೋರ್ಸು."

ಶಾಂಭವಿಯವರ ಬೆರಳು ಮೂರು ಕಡೆ ಸುತ್ತಿ, ಬಾಗಿಲು ದಾಟದೆ ಬಂದ ದಾರಿಯಲ್ಲೇ ಹಿಂತಿರುಗಿ, ಬೇರೆ ಕಡೆಯಿಂದ ಆಟ ಮುಗಿಸುತ್ತದೆ. ವಾಣಿಗೆ ನಗು ತಡೆಯಲಾಗುವುದಿಲ್ಲ. ಶಿವನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಅಭಿಷೇಕದ ನೀರು ಹರಿಯುವ ಗೋಮುಖವನ್ನು ದಾಟುವಂತಿಲ್ಲ. ಅಲ್ಲಿಯವರೆಗೆ ಹೋಗಿ ಹಿಂದಕ್ಕೆ ಬರಬೇಕು. ಚಿಕ್ಕಂದಿನಿಂದ ಶಾಂಭವಿಯವರ ಕಾಲಿಗೆ ಬಂದ ಆ ಅಭ್ಯಾಸ ಬೆರಳಿಗೂ ಇಳಿದಿದೆ.

"ಆಡೋರು ಗೋಮುಖ ನೋಡ್ತಾರಾ? ಪೂರ್ತಿ ಸುತ್ತು ಹಾಕ್ತಾರೆ. ಬಾಗಿಲು ತೆಗೆದುಹಾಕು, ಪೀಡೆ ಕಳೀತು!"

"ಬಾಗಿಲದ್ದೇನೂ ತಪ್ಪಿಲ್ಲ. ಪೆಟ್ಟಿಗೆ ಅಲ್ಲಿಟ್ಟಿದ್ದು ನಂದು ತಪ್ಪು" ಎಂದು ಶಾಂಭವಿ ಬೆಂಕಿಪೊಟ್ಟಣವನ್ನು ಮೂಲೆಯಿಂದ ಒಂದು ಮನೆ ಈಚೆಗೆ ಸರಿಸುತ್ತಾರೆ. ವಾಣಿ ಮತ್ತೆ ಪೂರ್ತಿ ಸುತ್ತುತ್ತಾರೆ, ಬಾಗಿಲು ದಾಟುತ್ತಾರೆ, ಪೆಟ್ಟಿಗೆ ತಳ್ಳಿಕೊಂಡು ಹೊರಗೆ ಬರುತ್ತಾರೆ. ಅಷ್ಟರಲ್ಲಿ ಕರೆಂಟ್ ಬರುತ್ತದೆ; ಶಾಂಭವಿ ಹೊಸ ಆಟವನ್ನು ಕಂಪನಿಗೆ ಕಳಿಸಲು ಕಂಪ್ಯೂಟರ್ ಮುಂದೆ ಕೂರುತ್ತಾರೆ.

ಆಟದಲ್ಲಿ ಎಲ್ಲೂ ಅವರ ಹೆಸರು ಬರುವುದಿಲ್ಲ. ಬೇಸರವಿಲ್ಲವೇ ಎಂದರೆ ಕಂಪ್ಯೂಟರ್‌ನಿಂದ ಕಣ್ಣು ಕೀಳದೆ ಹೇಳುತ್ತಾರೆ: "ಹೆಸರು ಕಟ್ಕೊಂಡು ಏನ್ಮಾಡ್ಲಿ? ನನ್ನ ಬಾಗಿಲು ಹಿಂದಕ್ಕೆ ಬಿಡಲ್ಲ, ನಿಜ. ಆದ್ರೆ ಮುಂದೆ ದಾರಿ ಇಲ್ಲದ ಕಡೆಗೆ ಯಾರನ್ನೂ ಒಳಗೆ ಬಿಡಲ್ಲ."