ಆಪಾ ಬಿಸಿಲಿಗೆ ಮೈಯೊಡ್ಡಿದ ಮಧ್ಯಾಹ್ನ

ಹೋದ ತಿಂಗಳು ನನ್ನ ಮಗಳು ಗೆಳತಿಯರ ಜೊತೆ ಗೋಕರ್ಣಕ್ಕೆ ಹೋಗಿ ಬಂದಳು. ಬಂದವಳು ಬೆನ್ನು ಒರಗಿಸಲಾರದೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಭುಜವೆಲ್ಲ ಕೆಂಡದ ಹಾಗೆ ಕೆಂಪಾಗಿತ್ತು. "ಏನೇ ಮಾಡ್ಕೊಂಡೆ ಇದು?" ಅಂದರೆ, "ಮರಳ ಮೇಲೆ ಮಲ್ಗಿದ್ದೆ ಕಣಮ್ಮ. ಹಾಯಾಗಿತ್ತು, ಹಂಗೇ ನಿದ್ದೆ ಬಂದ್ಬಿಡ್ತು" ಅಂದಳು. ನಾನು ಕೊಟ್ಟು ಕಳಿಸಿದ್ದ ಸನ್‌ಸ್ಕ್ರೀನ್ ಬ್ಯಾಗಿನ ತಳದಲ್ಲಿತ್ತು, ಸೀಲು ಕೂಡ ಒಡೆದಿರಲಿಲ್ಲ. ಗುಬ್ಬಿಯ ನಮ್ಮ ಬೀದಿಯ ಮೆಡಿಕಲ್ ಸ್ಟೋರಿಗೆ ಹೋಗಿ ಕ್ಯಾಲಮೈನ್ ಲೋಷನ್ ತಂದೆ. ಮುಚ್ಚಳ ತೆಗೆದು ಹತ್ತಿಗೆ ಬಗ್ಗಿಸಿದೆ. ತೆಳು ಗುಲಾಬಿ ಬಣ್ಣ, ಒದ್ದೆ ಸುಣ್ಣದಂಥ ತಣ್ಣನೆಯ ವಾಸನೆ... ಹತ್ತಿ ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ನನ್ನೆದುರು ಇದ್ದದ್ದು ಮಗಳ ಬೆನ್ನು. ನನಗೆ ಕಂಡದ್ದು ಆಪಾನ ಕತ್ತು.

ನಾನು ಹುಟ್ಟಿ ಬೆಳೆದದ್ದು ತುಮಕೂರಿನ ಮರಳೂರಿನಲ್ಲಿ. ಪಕ್ಕದ ಮನೆಯಲ್ಲಿ ಆಪಾ ಮತ್ತು ಅವಳ ತಾಯಿ ಇಬ್ಬರೇ ಇದ್ದರು. ತಾಯಿಯನ್ನು ಬೀದಿಯವರೆಲ್ಲ ಬೂಬಮ್ಮ ಅನ್ನುತ್ತಿದ್ದರು. ಮಗಳನ್ನು ಚಿಕ್ಕವರು ದೊಡ್ಡವರು ಎಲ್ಲರೂ ಆಪಾ, ಅಂದರೆ ಅಕ್ಕ, ಅಂತಲೇ ಕರೆಯುತ್ತಿದ್ದರು. ಆಪಾ ಹುಟ್ಟುವಾಗಲೇ ಮೈಗೆ ಬಣ್ಣವಿಲ್ಲದೆ ಹುಟ್ಟಿದವಳು. ಕೂದಲು, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಚರ್ಮ ಎಳನೀರಿನ ಗಂಜಿಯ ಹಾಗಿತ್ತು, ಒಳಗಿನ ನರ ಕಾಣುತ್ತಿತ್ತು. ಕಣ್ಣು ಒಂದು ಕಡೆ ನಿಲ್ಲದೆ ಸದಾ ಸ್ವಲ್ಪ ಅಲುಗುತ್ತಿತ್ತು. ಸಂಜೆ ಹೊತ್ತು ಬಿಳಿ ದುಪಟ್ಟಾ ಹೊದ್ದು ಬೀದಿಗೆ ಬಂದರೆ ಹೊಸ ಮಕ್ಕಳು ಕಿರುಚಿಕೊಂಡು ಓಡುತ್ತಿದ್ದವು. ಆಪಾ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ದೇವ್ರು ನಂಗೆ ಬಣ್ಣ ಹಚ್ಚೋದು ಮರ್ತವ್ನೆ ಕಣೇ ಪುಟ್ಟಿ, ಯಾವತ್ತಾದ್ರೂ ನೆನಪಾದ್ರೆ ಬಂದು ಹಚ್ತಾನೆ" ಅನ್ನುತ್ತಿದ್ದಳು.

ಬಿಸಿಲು ಅವಳಿಗೆ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತರೂ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಹಾಗಾಗಿ ಬೀದಿಯ ನೆರಳೆಲ್ಲ ಅವಳಿಗೆ ಬಾಯಿಪಾಠ. ಬೆಳಿಗ್ಗೆ ಹಿಟ್ಟಿನ ಗಿರಣಿಯ ಗೋಡೆ ಎಲ್ಲಿವರೆಗೆ ನೆರಳು ಕೊಡುತ್ತೆ, ಮಧ್ಯಾಹ್ನದ ಮೇಲೆ ಯಾವ ಮನೆಯ ಮಾಡಿನ ನೆರಳು ಬೀದಿಗೆ ಚಾಚಿಕೊಳ್ಳುತ್ತೆ, ಎಲ್ಲ ಗೊತ್ತು. ನನ್ನ ಕೈ ಹಿಡಿದು ಅಂಗಡಿಗೆ ಹೊರಟರೆ ನೆರಳಿಂದ ನೆರಳಿಗೆ ಕುಂಟಾಬಿಲ್ಲೆ ಆಡಿದ ಹಾಗೆ ಹೋಗುತ್ತಿದ್ದೆವು. ನನಗೆ ಅದೊಂದು ಆಟ. ಅವಳಿಗೆ ಅದು ಏನಾಗಿತ್ತೋ, ಆಗ ನಾನು ಯೋಚಿಸಿದವಳಲ್ಲ...

ಹೊಟ್ಟೆಪಾಡಿಗೆ ತಾಯಿ ಮಗಳು ಅಗರಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಕರಿ ಹಿಟ್ಟಿನುಂಡೆ ಇಟ್ಟುಕೊಂಡು ಕಡ್ಡಿಗೆ ಉರುಳಿಸುವಾಗ ಆಪಾನ ಬಿಳಿ ಬೆರಳು ಮಸಿಯಾಗುತ್ತಿದ್ದವು. ಹೊಸೆದ ಕಡ್ಡಿ ಒಣಗಬೇಕು, ಒಣಗಲು ಬಿಸಿಲು ಬೇಕು. ಬೂಬಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ದಿನಾ ಮಹಡಿಗೆ ಹೋಗಿ ಕಡ್ಡಿ ಹರಡುವುದು, ತಿರುವಿ ಹಾಕುವುದು, ಬಾಚಿ ತರುವುದು ಆಪಾನೇ. ತಲೆ ಮುಖ ಎಲ್ಲ ಸುತ್ತಿಕೊಂಡು ಹೋಗುತ್ತಿದ್ದಳು. ಕೈ ಮಾತ್ರ ಸುತ್ತಿಕೊಳ್ಳುವ ಹಾಗಿರಲಿಲ್ಲ. ಹಸಿ ಕಡ್ಡಿಗೆ ಬಟ್ಟೆ ತಾಗಿದರೆ ಹಿಟ್ಟು ಕಿತ್ತು ಬರುತ್ತಿತ್ತು.

ಒಂದು ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡುವವರೆಲ್ಲ ಸೇರಿ ವ್ಯಾನ್ ಮಾಡಿಕೊಂಡು ಮಲ್ಪೆಗೆ ಹೊರಟರು. ಅಪ್ಪನಿಗೆ ರಜೆ ಸಿಗಲಿಲ್ಲ. ಒಂದು ಸೀಟು ಖಾಲಿ ಉಳಿಯಿತು. ಅದು ಹೇಗೆ ಗೊತ್ತಾಯಿತೋ, ಆಪಾ ನಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ನಂಗೂ ಸಮುದ್ರ ನೋಡ್ಬೇಕು."

ಬೂಬಮ್ಮ ಸುತರಾಂ ಒಪ್ಪಲಿಲ್ಲ. "ಅಲ್ಲಿ ಬರೀ ಬಿಸ್ಲು. ಒಂದು ಗಿಡ ಇರಲ್ಲ, ಮರ ಇರಲ್ಲ. ನನ್ ಮಗೀನ ಅಲ್ಲಿಗೆ ಹೆಂಗ್ ಕಳಿಸ್ಲಿ?" ಅಂದರು. ಅಮ್ಮ ಅವರ ಕೈ ಹಿಡಿದುಕೊಂಡು, "ನೆರಳಲ್ಲೇ ಇಟ್ಕೊಂಡಿರ್ತೀನಿ ಬೂಬಮ್ಮ. ನನ್ ಜವಾಬ್ದಾರಿ" ಅಂದಳು. ಆ ಮಾತು ಹೇಳುವಾಗ ನಾನು ಅಮ್ಮನ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಇನ್ನೂ ಬೆಳಕು ಹರಿಯುವ ಮುಂಚೆಯೇ ಕುಣಿಗಲ್ ರಸ್ತೆ ಹಿಡಿದೆವು. ಯಡಿಯೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಸೂರ್ಯ ಆಗಷ್ಟೇ ಮೇಲೆ ಬರುತ್ತಿದ್ದ. ಆಪಾ ಬೇಗ ಬೇಗ ಲೋಟ ಖಾಲಿ ಮಾಡಿ ವ್ಯಾನ್ ಹತ್ತಿ ಕಿಟಕಿಯ ಪರದೆ ಎಳೆದುಕೊಂಡಳು. ದಾರಿಯುದ್ದಕ್ಕೂ ಪರದೆಯ ಸಂದಿಯಿಂದಲೇ ಊರುಗಳನ್ನು ನೋಡಿದಳು.

ಮಲ್ಪೆಯಲ್ಲಿ ಮೊದಲ ದಿನ ಅಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಬಿಸಿಲು ಇಳಿಯುವವರೆಗೆ ಆಪಾನನ್ನು ಲಾಡ್ಜಿನಿಂದ ಹೊರಗೆ ಬಿಡಲಿಲ್ಲ. ಸಂಜೆ ಛತ್ರಿ ಹಿಡಿದು, ಎರಡು ದುಪಟ್ಟಾ ಹೊದಿಸಿ, ಉದ್ದ ತೋಳಿನ ಕಮೀಜು ತೊಡಿಸಿ ಕರೆದುಕೊಂಡು ಹೋದಳು. ಆಪಾ ಕಾಲು ಅದ್ದಿದಳು, ನಕ್ಕಳು, ಒಂದು ಚಿಪ್ಪು ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದಳು. ಉಳಿದ ಹೆಂಗಸರು, ಗಂಡಸರು, ಮಕ್ಕಳೆಲ್ಲ ಬೆಳಿಗ್ಗೆಯಿಂದ ನೀರಲ್ಲಿ ಆಡಿ, ಮರಳ ಮೇಲೆ ಮೈ ಚೆಲ್ಲಿ, ಕರ್ರಗಾಗಿ ಬಂದಿದ್ದರು. "ಬಿಸಿಲಲ್ಲಿ ಮಲ್ಗಿದ್ರೆ ಎಷ್ಟ್ ಹಾಯಾಗಿತ್ತು ಗೊತ್ತಾ" ಅಂತ ಯಾರೋ ಅಂದರು. ಆಪಾ ಅವರ ಕಡೆ ತಿರುಗಿ ನೋಡಿದ್ದು ನನಗೆ ನೆನಪಿದೆ.

ಮರುದಿನ ಊಟವಾದ ಮೇಲೆ ಎಲ್ಲರೂ ಒರಗಿದ್ದರು. ಎಚ್ಚರವಾದಾಗ ಆಪಾನ ಚಾಪೆ ಖಾಲಿ ಇತ್ತು. ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಛತ್ರಿ ಹಿಡಿದು ಓಡಿದಳು. ಹಿಂದೆ ನಾನು.

ದಂಡೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮರಳು ಕಾದು ಅಂಗಾಲು ಚುರ್ ಅನ್ನುತ್ತಿತ್ತು. ದೂರದಲ್ಲಿ ಏನೋ ಬೆಳ್ಳಗೆ ಹೊಳೆಯುತ್ತಿತ್ತು. ಹತ್ತಿರ ಹೋದರೆ ಆಪಾ... ದುಪಟ್ಟಾ ಮಡಿಸಿ ತಲೆದಿಂಬು ಮಾಡಿಕೊಂಡು, ಕಮೀಜಿನ ತೋಳು ಮೇಲಕ್ಕೆ ಮಡಚಿ, ಕತ್ತಿನ ಗುಂಡಿ ಬಿಚ್ಚಿ ಅಂಗಾತ ಮಲಗಿದ್ದಳು. ಕಣ್ಣು ಮುಚ್ಚಿತ್ತು. ಸದಾ ಅಲುಗುತ್ತಿದ್ದ ಆ ಕಣ್ಣುಗಳು ರೆಪ್ಪೆಯ ಕೆಳಗೆ ಸುಮ್ಮನಿದ್ದವು. ಮುಖದ ಮೇಲೆ ಇದ್ದ ನಗು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಅಮ್ಮ ಹೋಗಿ ಅವಳ ತಲೆಯ ಹತ್ತಿರ ನಿಂತಳು. ಅಮ್ಮನ ನೆರಳು ಅವಳ ಮುಖದ ಮೇಲೆ ಬಿತ್ತು.

ಆಪಾ ಕಣ್ಣು ಬಿಡದೆಯೇ, "ಅಕ್ಕಾ, ಸ್ವಲ್ಪ ಜರುಗಿ" ಅಂದಳು.

"ಏಳವ್ವಾ, ಸುಟ್ಟೋಗ್ತೀಯ" ಅಂದಳು ಅಮ್ಮ.

"ಗೊತ್ತು ಅಕ್ಕಾ. ಒಂಚೂರು ಹೊತ್ತು ಅಷ್ಟೇ. ಎಲ್ರಿಗೂ ಹೆಂಗನ್ಸುತ್ತೋ ನಂಗೂ ಗೊತ್ತಾಗ್ಲಿ."

ಅಮ್ಮ ಎಳೆದು ಎಬ್ಬಿಸುತ್ತಾಳೆ ಅಂದುಕೊಂಡೆ. ಮನೆಯಲ್ಲಿ ಅವಳ ಮಾತು ಮೀರುವವರು ಯಾರೂ ಇರಲಿಲ್ಲ. ಅಮ್ಮ ಕೈಯಲ್ಲಿದ್ದ ಛತ್ರಿ ನೋಡಿದಳು, ಆಪಾನ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಜರುಗಿದಳು. ಮುಚ್ಚಿದ ಛತ್ರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಡುವ ಮರಳಿನ ಮೇಲೆ ಕೂತಳು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ. ಕೊನೆಗೆ ಆಪಾನೇ ಎದ್ದು ಕೂತು, "ಸಾಕು, ನಡೀರಿ" ಅಂದಳು.

ಸಂಜೆಗೆ ಚಳಿ ಜ್ವರ ಬಂತು. ಮುಖ ಊದಿಕೊಂಡಿತು, ಕತ್ತಿನ ಮೇಲೆ, ತೋಳಿನ ಮೇಲೆ ನೀರುಗುಳ್ಳೆ ಎದ್ದವು. ಮೆಡಿಕಲ್ಲಿನಿಂದ ತಂದ ಕ್ಯಾಲಮೈನನ್ನು ಅಮ್ಮ ಹಚ್ಚುತ್ತ ಕೂತಳು, ನಾನು ಹತ್ತಿ ಅದ್ದಿ ಅದ್ದಿ ಕೊಟ್ಟೆ. ಆಪಾ ಹಲ್ಲು ಕಚ್ಚಿಕೊಂಡಿದ್ದಳು. ಅಳಲಿಲ್ಲ. ನನ್ನ ಕಡೆ ನೋಡಿ, "ದೇವ್ರು ಬಣ್ಣ ಹಚ್ದ ನೋಡೇ ಪುಟ್ಟಿ" ಅಂತ ನಗಲು ಹೋದಳು, ತುಟಿ ಒಡೆದು ರಕ್ತ ಬಂತು.

ವ್ಯಾನಿನಿಂದ ಇಳಿದ ಮಗಳನ್ನು ನೋಡಿ ಬೂಬಮ್ಮ ಬೈಯಲಿಲ್ಲ, ಕೂಗಲಿಲ್ಲ. ಅಮ್ಮನ ಮುಖವನ್ನು ಒಂದು ಸಲ ನೋಡಿದರು. ಮಗಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಅಲ್ಲಿಂದ ಮುಂದೆ ಎರಡು ಮನೆಗಳ ನಡುವೆ ಬಟ್ಟಲು ಸಾರು ಕೂಡ ಹೋಗಿ ಬರಲಿಲ್ಲ.

ಸುಟ್ಟ ಚರ್ಮ ಸುಲಿದು ಹೊಸದು ಬಂತು. ಆಪಾ ಮತ್ತೆ ಮಹಡಿ ಹತ್ತಿದಳು. ಚಳಿಗಾಲ ಬರುವ ಹೊತ್ತಿಗೆ ಅವಳ ಬಲಗೈಯ ಮೇಲ್ಗಡೆ, ಮಣಿಕಟ್ಟಿನ ಹತ್ತಿರ, ಒಂದು ಗಾಯ ಕಾಣಿಸಿಕೊಂಡಿತು. ಮುಲಾಮು ಹಚ್ಚಿದರೆ ಒಣಗಿದಂತಾಗಿ ಮತ್ತೆ ಬಿರಿಯುತ್ತಿತ್ತು. ಕಾಂಪೌಂಡಿನ ಆಚೆಯಿಂದ ಅಮ್ಮ, "ಏನಾಯ್ತೇ ಕೈಗೆ?" ಅಂದರೆ, "ಕಡ್ಡಿ ಚುಚ್ಚಿದ್ದು ಅಕ್ಕಾ" ಅಂದಳು. ಮುಂದಿನ ಬೇಸಿಗೆಗೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಯಾನ್ಸರ್ ಅಂದರು. ಕಂಕುಳಿಗೂ ಹರಡಿತ್ತಂತೆ. ಅವಳ ಅಣ್ಣ ಕುಣಿಗಲ್‌ನಲ್ಲಿದ್ದ. ಬೂಬಮ್ಮ ಮನೆ ಖಾಲಿ ಮಾಡಿ ಮಗಳ ಜೊತೆ ಅಲ್ಲಿಗೆ ಹೋದರು.

ಅಮ್ಮ ತಡೆಯಲಾರದೆ ಒಂದು ದಿನ ನನ್ನನ್ನೂ ಕರೆದುಕೊಂಡು ಕುಣಿಗಲ್‌ಗೆ ಹೋದಳು. ಕೆರೆಯ ಹತ್ತಿರದ ಒಂದು ಸಣ್ಣ ಮನೆ. ಆಪಾ ಮಂಚದ ಮೇಲಿದ್ದಳು. ಕೈಗೆ ಮೊಳಕೈವರೆಗೆ ಬ್ಯಾಂಡೇಜು ಸುತ್ತಿತ್ತು. ಅಮ್ಮ ಕೂತ ಕೂಡಲೇ ಅಳಲು ಶುರು ಮಾಡಿದಳು.

"ಅಳ್ಬೇಡಿ ಅಕ್ಕಾ. ಡಾಕ್ಟ್ರು ಹೇಳವ್ರೆ, ಇದು ಒಂದಿನದ ಬಿಸ್ಲಲ್ಲ ಅಂತ. ಚಿಕ್ಕೋಳಾಗಿದ್ದಾಗ್ನಿಂದ ಮಹಡಿ ಮೇಲೆ ಕಡ್ಡಿ ತಿರುವಿ ತಿರುವಿ ಬಂದಿದ್ದಂತೆ. ಸಮುದ್ರದ್ದಲ್ಲ."

ಬಾಗಿಲಲ್ಲಿ ನಿಂತಿದ್ದ ಬೂಬಮ್ಮ ಕೇಳಿಸಿಕೊಂಡರು. "ಡಾಕ್ಟ್ರು ನೂರು ಹೇಳ್ತಾರೆ. ಹೋಗೋವಾಗ ಚೆನ್ನಾಗಿದ್ಲು ನನ್ ಮಗ್ಳು. ನೀವಿನ್ನು ಬರ್ಬೇಡಿ ಅಮ್ಮಾ" ಅಂದರು. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ಅಮ್ಮನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತೇನೋ... ಹೊರಡುವಾಗ ಆಪಾ ಎಡಗೈಯಿಂದ ನನ್ನ ಕೆನ್ನೆ ಮುಟ್ಟಿದಳು. ಬೆರಳಿನಲ್ಲಿ ಕರಿ ಹಿಟ್ಟಿನ ಗುರುತೇ ಇರಲಿಲ್ಲ.

ಅವಳು ಹೋದ ಸುದ್ದಿ ನಮಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ.

ಅಮ್ಮ ಮತ್ತೆ ಸಮುದ್ರದ ಕಡೆ ಹೋಗಲಿಲ್ಲ. ಡಾಕ್ಟರ ಮಾತನ್ನು ಅವಳು ನಂಬಿದ್ದಳೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಆದರೆ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಯಾರಾದರೂ "ಸ್ವಲ್ಪ ಜರುಗಿ" ಅಂದರೆ ಸಾಕು, ಅಮ್ಮ ಮರಗಟ್ಟಿದ ಹಾಗೆ ನಿಂತುಬಿಡುತ್ತಿದ್ದಳು. ಜರುಗಲು ಅವಳಿಂದ ಆಗುತ್ತಿರಲಿಲ್ಲ. ನಾನೇ ತೋಳು ಹಿಡಿದು ಸರಿಸಬೇಕಾಗುತ್ತಿತ್ತು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಕಿಟಕಿಯ ಬಿಸಿಲು ಮಂಚದ ಮೇಲೆ ಬೀಳುತ್ತಿತ್ತು. ಅದನ್ನು ನೋಡಿಕೊಂಡೇ ಮಲಗಿರುತ್ತಿದ್ದಳು. ಪರದೆ ಎಳೆಯಲು ಹೋದರೆ ಬೇಡ ಅನ್ನುತ್ತಿದ್ದಳು.

ಮಗಳ ಬೆನ್ನಿಗೆ ಲೋಷನ್ ಹಚ್ಚಿ ಮುಗಿಸಿದ ಮೇಲೆ ಅವಳಿಗೆ ಬೈದೆ. ಬೆಳಿಗ್ಗೆ ಹೋಗು, ಸಂಜೆ ಹೋಗು, ನಡುಮಧ್ಯಾಹ್ನ ಬೇಡ, ಕ್ರೀಮು ಹಚ್ಕೊ, ಮೈತುಂಬ ಬಟ್ಟೆ ಹಾಕ್ಕೊ ಅಂತೆಲ್ಲ ಹೇಳಿದೆ. ಹೋಗಲೇಬೇಡ ಅನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಆ ವಾರವೆಲ್ಲ ಮನಸ್ಸು ಸರಿಯಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಕುಣಿಗಲ್‌ಗೆ ಹೋದೆ.

ಆ ಮನೆಗೆ ಈಗ ಮೇಲೊಂದು ಅಂತಸ್ತು ಬಂದಿದೆ. ಬೂಬಮ್ಮ ಇನ್ನೂ ಇದ್ದರು. ಒಣಗಿ ಹಿಡಿಯಷ್ಟಾಗಿದ್ದರು, ಜಗಲಿಯಲ್ಲಿ ಕೂತಿದ್ದರು. ಮರಳೂರಿನ ಪುಟ್ಟಿ ಅಂದೆ. ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, "ನಿಮ್ಮಮ್ಮ?" ಅಂದರು. ಹೋದಳು ಅಂದೆ. ತಲೆ ತಗ್ಗಿಸಿದರು. ಒಳಗಿನಿಂದ ಯಾರೋ ಚಹಾ ತಂದಿಟ್ಟು ಹೋದರು. ಅದು ಹಾಗೇ ಆರಿತು.

ಆಮೇಲೆ ಅವರೇ ಕೇಳಿದರು. "ಅವತ್ತು ನೀನೂ ಇದ್ದೆ ಅಲ್ವಾ, ಅವ್ಳು ಬಿಸ್ಲಲ್ಲಿ ಮಲ್ಗಿದ್ದಾಗ?"

"ಇದ್ದೆ ಬೂಬಮ್ಮ."

"ಹೆಂಗಿದ್ಲು?"

ಇಷ್ಟು ವರ್ಷ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಕಂಡದ್ದನ್ನೆಲ್ಲ ಹೇಳಿದೆ. ಅಮ್ಮ ಪಕ್ಕಕ್ಕೆ ಹೋಗಿ ಕೂತದ್ದನ್ನೂ ಹೇಳಿದೆ. ಬೂಬಮ್ಮ ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಸಲ, "ನಗ್ತಿದ್ಲಾ?" ಅಂದರು. ಹೌದು ಅಂದೆ. "ನಿಜ್ವಾಗ್ಲೂ?" ಅಂದರು. ಮತ್ತೆ ಹೌದು ಅಂದೆ.

"ನಿಮ್ಮಮ್ಮಂಗೆ ಇದ್ನ ಹೇಳೋಕೆ ನಾನು ಬಿಡ್ಲೇ ಇಲ್ಲ" ಅಂದರು.

ಸೆರಗಿನಿಂದ ಮೂಗು ಒರೆಸಿಕೊಂಡು ಬೀದಿಯ ಕಡೆ ನೋಡುತ್ತ ಕೂತರು. ಮತ್ತೆ ಮಾತಾಡಿದಾಗ ತಮಗೆ ತಾವೇ ಹೇಳಿಕೊಂಡ ಹಾಗಿತ್ತು. "ಮಣ್ಣು ಮಾಡೋವಾಗ ನನ್ ಮಗಂಗೆ ಹೇಳಿದ್ದೆ, ದೊಡ್ಡ ಹುಣಸೆ ಮರದ ಕೆಳ್ಗೇ ಜಾಗ ಕೇಳಪ್ಪಾ, ಅವ್ಳಿಗೆ ಬಿಸ್ಲು ಆಗಲ್ಲ ಅಂತ. ಅಲ್ಲೇ ಮಾಡಿದ್ರು. ಹೋದ ಮಳೆಗಾಲದಲ್ಲಿ ಆ ಮರ ಗಾಳಿಗೆ ಬಿದ್ದೋಯ್ತು ಕಣವ್ವ. ಈಗ ದಿನಾ ಪೂರಾ ಬಿಸ್ಲು ಅವ್ಳ ಮೇಲೆ. ಅದ್ನೇ ನೆನೆಸ್ಕೊಂಡು ನಿದ್ದೆ ಬರ್ತಿರ್ಲಿಲ್ಲ ನಂಗೆ..."

ನಾನು ಆರಿದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿಟ್ಟೆ.

"ಇರ್ಲಿ ಬುಡು" ಅಂದರು ಬೂಬಮ್ಮ. "ಅವ್ಳಿಗೆ ಇಷ್ಟ ಆಗಿತ್ತಲ್ಲ."